ಎಷ್ಟು ಬಂತು ಬಿಡಿ, ಯಾವುದು ಬಂತು ಹೇಳಿ

ನಮಸ್ಕಾರ. ಹೋದ ವೀಡಿಯೊ ಕೆಳಗೆ ಒಂದು ಕಾಮೆಂಟ್: "ಆಲ್ಕೈನ್‌ಗೆ ನೀರು ಸೇರಿಸೋದಕ್ಕೆ ಇಷ್ಟು ಮಾತು ಯಾಕೆ ಸರ್? ಯೀಲ್ಡ್ 95% ಬಂದರೆ ಮುಗೀತು." ಮುಗೀತಂತೆ! ಆಲ್ಕೈನ್ ಅಂದರೆ ಎರಡು ಕಾರ್ಬನ್ ನಡುವೆ ಮೂರು ಬಂಧ ಇರುವ ಅಣು; ಯೀಲ್ಡ್ ಅಂದರೆ ಬರಬೇಕಾದದ್ದರಲ್ಲಿ ಎಷ್ಟು ಕೈಗೆ ಬಂತು ಅನ್ನೋ ಲೆಕ್ಕ. 95% ಏನು ಬಂತು ಸ್ವಾಮಿ?

ಫಿನೈಲ್ ಅಸೆಟಿಲೀನ್ ಅನ್ನೋ ಆಲ್ಕೈನ್ ತಗೊಳ್ಳಿ, ಮೂರು ಬಂಧ ಅದರ ತುದಿಯಲ್ಲಿದೆ. ಚಿನ್ನದ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) ಹಾಕಿದರೆ ನೀರಿನ ಆಕ್ಸಿಜನ್ ಒಳಗಿನ ಕಾರ್ಬನ್ ಮೇಲೆ ಕೂರುತ್ತದೆ, ಕೀಟೋನ್ ಸಿಗುತ್ತದೆ. ತಕ್ಕ ರುಥೇನಿಯಂ ಕ್ಯಾಟಲಿಸ್ಟ್ ಹಾಕಿದರೆ ತುದಿಯ ಕಾರ್ಬನ್‌ಗೆ ಹೋಗುತ್ತದೆ, ಆಲ್ಡಿಹೈಡ್. ಎರಡಕ್ಕೂ ಅಣುತೂಕ 120. ತಕ್ಕಡಿಗೆ ಏನು ಗೊತ್ತಾಗುತ್ತದೆ? ಎನ್‌ಎಂಆರ್ ತೆಗೆಯಿರಿ, ಅಣುವಿನಲ್ಲಿ ಹೈಡ್ರೋಜನ್ ಎಲ್ಲೆಲ್ಲಿದೆ ಅಂತ ಗೆರೆಗಳಲ್ಲಿ ತೋರಿಸುವ ಪರೀಕ್ಷೆ. ಕೀಟೋನ್ ಆದರೆ ಅದರ ಅಳತೆಪಟ್ಟಿಯಲ್ಲಿ 2.6 ಹತ್ತಿರ ಮೂರು ಹೈಡ್ರೋಜನ್‌ನ ಒಂಟಿ ಗೆರೆ. ಆಲ್ಡಿಹೈಡ್ ಆದರೆ 9.7 ಹತ್ತಿರ ಪುಟ್ಟ ಟ್ರಿಪ್ಲೆಟ್, ಅಂದರೆ ಮೂರಾಗಿ ಒಡೆದ ಗೆರೆ. ಯೀಲ್ಡ್ ಮಾತ್ರ ಕೇಳೋದು, ಮದುವೆಗೆ ಎಷ್ಟು ಜನ ಬಂದರು ಅಂತ ಎಣಿಸಿ, ಮದುಮಗ ಬಂದನಾ ಅಂತ ನೋಡದ ಹಾಗೆ.

ಹೈಡ್ರೋಜನ್ ಸೇರಿಸುವಾಗಲೂ ಇದೇ ಕಥೆ. ಬರೀ ಪಲ್ಲೇಡಿಯಂ ಹಾಕಿ ಬಿಟ್ಟರೆ ಎರಡು ಬಂಧದ ಆಲ್ಕೀನ್ ದಾಟಿ ಒಂದೇ ಬಂಧದ ಆಲ್ಕೇನ್‌ವರೆಗೂ ಓಡುತ್ತದೆ. 1952ರಲ್ಲಿ ರಸಾಯನಶಾಸ್ತ್ರಜ್ಞ ಲಿಂಡ್ಲಾರ್ ಮಾಡಿದ್ದೇನು? ಕ್ಯಾಲ್ಸಿಯಂ ಕಾರ್ಬೊನೇಟ್ ಮೇಲಿನ ಪಲ್ಲೇಡಿಯಂಗೆ ಬೇಕಂತಲೇ ಸೀಸದ ವಿಷ ಹಾಕಿ ಚುರುಕು ತಗ್ಗಿಸಿದರು. ಆಗ ಅದು ಸಿಸ್ ಆಲ್ಕೀನ್‌ನಲ್ಲಿ (ಎರಡು ಹೈಡ್ರೋಜನ್ ಒಂದೇ ಬದಿಗೆ) ನಿಲ್ಲುತ್ತದೆ. ವಿಷ ಹಾಕಿ ಹೊಗಳಿಸಿಕೊಂಡ ಮನುಷ್ಯ! ಟ್ರಾನ್ಸ್, ಅಂದರೆ ಎದುರು ಬದಿಗೆ ಬೇಕಾ? ಸೋಡಿಯಂ, ದ್ರವ ಅಮೋನಿಯ. ಎಷ್ಟು ಅಲ್ಲ ಸ್ವಾಮಿ, ಯಾವುದು!

"ಮಿಶ್ರಣ ಬಂದರೆ ಕಾಲಮ್ ಹಾಕಿ ಬೇರೆ ಮಾಡಿದರಾಯ್ತು" ಅನ್ನುತ್ತಾರೆ. ಕಾಲಮ್ ಅಂದರೆ ಪುಡಿ ತುಂಬಿದ ಕೊಳವೆಯಲ್ಲಿ ಮಿಶ್ರಣ ಇಳಿಸಿ ಒಂದೊಂದಾಗಿ ಬೇರೆ ಮಾಡೋದು. ಹೌದು ಹೌದು, ನೀವೇ ನಿಂತು ಟ್ಯೂಬ್ ಬದಲಾಯಿಸಿ. ಅಜೈಡ್ (ಸಾಲಾಗಿ ಮೂರು ನೈಟ್ರೋಜನ್ ಇರುವ ಅಣು) ಜೊತೆ ಆಲ್ಕೈನ್ ಸುಮ್ನೆ ಬಿಸಿ ಮಾಡಿದರೆ ಟ್ರಯಜೋಲ್ ಅನ್ನೋ ಉಂಗುರ ಸಿಗುತ್ತದೆ, 1,4 ಮತ್ತು 1,5 ಎರಡೂ ಬರುತ್ತವೆ; ಆ ಅಂಕೆಗಳು ಉಂಗುರದ ಮೇಲೆ ಗುಂಪುಗಳು ಕೂತ ಜಾಗ. ತಾಮ್ರ ಹಾಕಿದರೆ 1,4 ಮಾತ್ರ. ರುಥೇನಿಯಂ ಹಾಕಿದರೆ 1,5. 2022ರ ನೊಬೆಲ್‌ನಲ್ಲಿ ಮೆಲ್ಡಾಲ್, ಶಾರ್ಪ್‌ಲೆಸ್ ಹೆಸರು ಬಂತಲ್ಲ, ಅದರ ಹಿಂದೆ ಈ ತಾಮ್ರ ಇದೆ. ಆ ನೊಬೆಲ್ ಕಾಲಮ್ ಹಾಕಿದ್ದಕ್ಕೆ ಕೊಟ್ಟಿದ್ದಲ್ಲ, ಅಲ್ವಾ?

ಹೀಗೆ ಅಣುಗಳನ್ನ ಪಟ್ ಅಂತ ಜೋಡಿಸುವ ಕ್ಲಿಕ್ ಕೆಮಿಸ್ಟ್ರಿ ಬಗ್ಗೆ ನನ್ನದೇ ವೀಡಿಯೊ ಇದೆ, ಲಿಂಕ್ ಕೆಳಗಿದೆ, ನೋಡಿ. ಥಂಬ್‌ನೇಲ್ ಚೆನ್ನಾಗಿಲ್ಲ, ಗೊತ್ತು.

ಇನ್ನೂ ಯೀಲ್ಡ್ ಯೀಲ್ಡ್ ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಬೇಡ ಅಂದರೆ ಬೇಡ, ಅಷ್ಟೇ! ಮುಂದಿನ ಸಲ ಹೈಡ್ರೋಸಿಲೈಲೇಶನ್, ಅಂದರೆ ಹೈಡ್ರೋಜನ್ ಮತ್ತು ಸಿಲಿಕಾನ್ ಒಟ್ಟಿಗೆ ಸೇರಿಸೋದು. ಪ್ಲಾಟಿನಂ ಒಂದು ಕಡೆ ಎಳೆಯುತ್ತದೆ, ರುಥೇನಿಯಂ ಇನ್ನೊಂದು ಕಡೆ. ಜಗಳ ಜಾಸ್ತಿ ಇದೆ, ಸಬ್‌ಸ್ಕ್ರೈಬ್ ಮಾಡಿಕೊಂಡು ಬನ್ನಿ.