ಗಂಧ ಆಲ್ಬಮ್, ಹಿಪ್ಪುನೇರಳೆ ಆಲ್ಬ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಶ್ರೀಗಂಧದ ವೈಜ್ಞಾನಿಕ ಹೆಸರು ಸ್ಯಾಂಟಲಮ್ ಆಲ್ಬಮ್. ರೇಷ್ಮೆಹುಳು ಮೇಯುವ ಹಿಪ್ಪುನೇರಳೆಯದು ಮೋರಸ್ ಆಲ್ಬ. ಎರಡೂ ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರುಗಳು. ಎರಡನೇ ಪದದ ಅರ್ಥವೂ ಒಂದೇ, ಬಿಳಿ. ಮತ್ತೆ ಒಂದು ಆಲ್ಬಮ್, ಇನ್ನೊಂದು ಆಲ್ಬ ಯಾಕೆ?

ಕನ್ನಡದಲ್ಲೇ ನೋಡಿ. ಬಿಳಿಯವನು, ಬಿಳಿಯವಳು, ಬಿಳಿಯದು ಅನ್ನುತ್ತೇವೆ, ಅಲ್ವಾ? ಲ್ಯಾಟಿನ್ನಿನಲ್ಲಿ ಅದೇ ಆಲ್ಬಸ್, ಆಲ್ಬ, ಆಲ್ಬಮ್. ಗಿಡದ ಹೆಸರಿನಲ್ಲಿ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ನೆಂಟ ಗಿಡಗಳ ಗುಂಪಿನದು. ಎರಡನೆಯದು ಗುಣ ಹೇಳುವ ಪದವಾದರೆ, ಮೊದಲನೆಯದರ ಲಿಂಗಕ್ಕೆ ತಕ್ಕಂತೆ ಅದರ ಕೊನೆ ಬದಲಾಗಬೇಕು. ಸ್ಯಾಂಟಲಮ್ ನಪುಂಸಕ, ಹಾಗಾಗಿ ಆಲ್ಬಮ್.

ಆದರೆ ಮೋರಸ್ ಅನ್ನೋದು ಕಿವಿಗೆ ಗಂಡು ಹೆಸರಿನ ಹಾಗೆ ಕೇಳುತ್ತದೆ. ಇಲ್ಲೇ ನನಗೆ ತುಂಬ ಇಷ್ಟವಾದ ವಿಷಯ ಇರುವುದು. ಹಳೇ ರೋಮನ್ನರ ಮಾತಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ. ನಾವು ಮರವನ್ನು 'ಅದು' ಅಂದರೆ, ಅವರಿಗೆ ಅದು 'ಅವಳು'. ಆ ರೂಢಿ ಇವತ್ತಿಗೂ ಉಳಿದಿದೆ. ಅದಕ್ಕೇ ಅರಳಿ ಮರ ಫೈಕಸ್ ರಿಲಿಜಿಯೋಸ, ಹುಣಸೆ ಟ್ಯಾಮರಿಂಡಸ್ ಇಂಡಿಕ. ಟ್ಯಾಮರಿಂಡಸ್ ಬಂದದ್ದು ಅರಬ್ಬಿಯ 'ತಮರ್ ಹಿಂದಿ'ಯಿಂದ, ಅಂದರೆ ಭಾರತದ ಖರ್ಜೂರ. ಅದರ ಮೇಲೆ ಇಂಡಿಕ ಬೇರೆ! ಪಾಪ, ಹುಣಸೆಗೆ ಊರಿನ ಗುರುತು ಎರಡೆರಡು ಸಲ.

ಹಲಸು ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಆರ್ಟೋಕಾರ್ಪಸ್ ಹೆಟೆರೊಫಿಲ್ಲಸ್. ಕೊನೆಯಲ್ಲಿ 'ಕಾರ್ಪಸ್' ಬಂದರೆ, ಮರವಾದರೂ ಪುಲ್ಲಿಂಗ ಅಂತ ನಿಯಮವೇ ಇದೆ.

ಎರಡನೇ ಪದವೂ ಒಂದು ವಸ್ತುವಿನ ಹೆಸರೇ ಆಗಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ. ದುಂಡು ಮಲ್ಲಿಗೆ ಜಾಸ್ಮಿನಮ್ ಸಂಬಕ್. ಹೊಳೆಮತ್ತಿ ಟರ್ಮಿನೇಲಿಯ ಅರ್ಜುನ. ಕೊನೆಯಲ್ಲಿ 'ಅ' ಇದೆ ಅಂತ ಅರ್ಜುನನನ್ನು ಹೆಣ್ಣು ಮಾಡಬೇಡಿ, ಅದು ಮರಕ್ಕಿರುವ ನಮ್ಮದೇ ಹೆಸರು.

ಇನ್ನು ಹೊಂಗೆ. ಒಂದೇ ಕಡ್ಡಿಗೆ ಹಕ್ಕಿಯ ಗರಿಯ ಹಾಗೆ ಎರಡೂ ಬದಿ ಎಲೆ. ಲಿನೇಯಸ್ ಅದನ್ನು ಸೈಟಿಸಸ್ ಕುಲಕ್ಕೆ ಸೇರಿಸಿ, ಸೈಟಿಸಸ್ ಪಿನ್ನೇಟಸ್ ಅಂದ. ಗರಿಯಂಥವನು. ಮುಂದೆ ಅದನ್ನು ಪೊಂಗಾಮಿಯಾ ಕುಲಕ್ಕೆ ತಂದರು. ಪೊಂಗಾಮಿಯಾ ಸ್ತ್ರೀಲಿಂಗ, ಹಾಗಾಗಿ ಪಿನ್ನೇಟಸ್ ಹೋಗಿ ಪಿನ್ನೇಟ ಆಯಿತು. ಮನೆ ಬದಲಾಯಿತು, ಹೆಸರಿನ ಬಾಲವೂ ಬದಲಾಯಿತು. ಈಗ ಕೆಲವರು ಹೊಂಗೆಯನ್ನು ಮಿಲೆಟಿಯಾ ಕುಲಕ್ಕೆ ಸೇರಿಸುತ್ತಾರೆ. ಅದೂ ಸ್ತ್ರೀಲಿಂಗವೇ. ಪಿನ್ನೇಟ ಹಾಗೇ ಉಳಿಯಿತು.

ನಮಸ್ಕಾರ.