ಬಾದಾಮಿ ಸ್ಟೇಷನ್ನಿನ ಕಥಿ ಗ್ವಾಡ್ಯಾಗಿಲ್ಲ, ತಂತ್ಯಾಗದ

ಎಲ್ಲಾರಿಗೂ ಶರಣು. ಹಳೇ ಸ್ಟೇಷನ್ ಅಂದ್ರ ಎಲ್ಲಾರೂ ಕಟ್ಟಡದ ಫೋಟೋ ತೋರಸ್ತಾರ. ಕಟ್ಟಡ ಇರಲಿ, ಅಲ್ಲಿ ಕೆಲಸ ಹ್ಯಾಂಗ ನಡೀತಿತ್ತು ಅನ್ನೋದ ಮುಖ್ಯ.

ಬಾದಾಮಿ ಮ್ಯಾಲ ಹಾಯೋ ಹೊಟಗಿ–ಗದಗ ಲೈನು 1884ರಾಗ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ್ದು, ನಿಮಗ ಗೊತ್ತದ. 1876–78ರ ಬರದಾಗ ಈ ಕಡೆ ಕಾಳು ಮುಟ್ಟಸೋದು ಕಷ್ಟ ಆಗಿತ್ತು, ಅದರ ಹಿಂದ ಬಂದ ಲೈನು ಇದು. ಖರ್ಚು ಕಡಿಮಿ ಅಂತ ಮೀಟರ್ ಗೇಜ್ ಮಾಡಿದ್ರು. ಹೊಟಗ್ಯಾಗ ಮುಂಬೈ–ಮದ್ರಾಸ್ ಲೈನಿನ ಗೇಜ್, ಅಂದ್ರ ಎರಡು ಹಳಿ ನಡುವಿನ ಅಗಲ, 1676 ಮಿಲಿಮೀಟರ್, ನಮ್ಮದು 1000. ಅರಳಿ ಅಂಡಿಗಿ ಅಷ್ಟೂ ಅಲ್ಲಿ ಇಳಿಸಿ ಮತ್ತ ಏರಿಸಬೇಕು. ಕಂಪನಿ ಉಳಿಸಿದ ರೊಕ್ಕ ಹಮಾಲರ ಬೆನ್ನಿಗೆ ಬಿತ್ತು. ಇನ್ನ ಬಾದಾಮಿ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ ಉಳೀತು, ಟಾಂಗಾದವರ ಪುಣ್ಯ!

ಈಗ ಸಿಗ್ನಲ್ಲಿಗೆ ಬರ್ರಿ. ಸ್ಟೇಷನ್ನಾಗ ಲಿವರ್ ಎಳದ್ರ, ಗಾಲಿ ಮ್ಯಾಲ ಹಾಯ್ದ ತಂತಿ ದೂರದ ಸಿಗ್ನಲ್ ಕಂಬದ ಕೈ, ಅಂದ್ರ ಅಡ್ಡ ಪಟ್ಟಿ, ಇಳಸ್ತದ. ಕೈ ಅಡ್ಡ ಇದ್ರ ನಿಲ್ಲು, ಇಳಿದ್ರ ಬಾ. ತಂತಿ ಹರದ್ರ ಬೀಡು ಕಬ್ಬಿಣದ ತೂಕ ಕೈಯನ್ನ ತಾನ ಅಡ್ಡ ನಿಲ್ಲಸ್ತದ. ಅಲ್ಲಿಗೆ ಸರಿ. ಆದ್ರ ನಮ್ಮ ಬಿಸಲು? ತಂತಿ 800 ಮೀಟರ್ ಅದ ಅಂತ ತಿಳೀರಿ. ತಂತಿ ಮುಂಜಾನಿಗಿಂತ 20 ಡಿಗ್ರಿ ಕಾದ್ರ ಸುಮಾರು 19 ಸೆಂಟಿಮೀಟರ್ ಉದ್ದ ಆಗ್ತದ. ಲಿವರ್ ಪೂರಾ ಎಳದ್ರೂ ಸಡಿಲ ತುಂಬೋದರಾಗ ಎಳತ ಮುಗೀತು, ಕೈ ಅರ್ಧಕ್ಕ ನಿಂತಿತು. ಅರ್ಧ ಇಳಿದ ಕೈ ಕಂಡ ಡ್ರೈವರ್ ಗಾಡಿ ನಿಲ್ಲಸ್ಬೇಕು, ಸೀಟಿ ಹೊಡೀಬೇಕು. ಮಧ್ಯಾಹ್ನ ತಂತಿ ಬಿಗಿ ಮಾಡಿದ್ರಿ, ರಾತ್ರಿ ಬಿಚ್ಚೋದು ಮರತ್ರಿ ಅಂದ್ರ ಅದಕ್ಕಿಂತ ಕೆಟ್ಟದ್ದು: ತಂಪಿಗೆ ತಂತಿ ಗಿಡ್ಡ ಆಗಿ, ಯಾರೂ ಲಿವರ್ ಮುಟ್ಟದಿದ್ರೂ ಕೈ ಜೋಲ್ತದ. ಅದಕ್ಕ ಲಿವರ್ ಹತ್ರ ತಂತಿ ಬಿಗಿ ಮಾಡೋ ಅಡ್ಜಸ್ಟರ್ ಇರ್ತಿತ್ತು. ಹೊತ್ತಿಗೆ ತಕ್ಕಂಗ ಅದನ್ನ ತಿರುಗಸೋದು ಒಂದು ಕಸಬು. ಕಟ್ಟಡದ ಫೋಟೋದಾಗ ಇದು ಕಾಣೂದಿಲ್ರಿ.

ಟೋಕನ್ನೂ ಹಂಗ. ಸಿಂಗಲ್ ಲೈನ್ನಾಗ ಎದುರುಬದುರು ಗಾಡಿ ಬರಬಾರದಲ್ಲ. ಎರಡು ಸ್ಟೇಷನ್ನಿನ ಯಂತ್ರಕ್ಕ ಕರೆಂಟಿನ ಕೂಡಿಕಿ. ಟೋಕನ್ ಅಂದ್ರ ಆ ಯಂತ್ರದಾಗಿನ ಉಕ್ಕಿನ ಗುಂಡು, ಗಾಡಿ ಮುಂದ ಹೋಗಾಕ ಪರವಾನಗಿ. ಒಂದು ಗುಂಡು ಹೊರಗ ಬಂದ್ರ, ಅದು ಎರಡರಾಗ ಯಾವುದಾದರೊಂದು ಯಂತ್ರಕ್ಕ ಮರಳಿ ಬೀಳೋ ತನಕ ಇನ್ನೊಂದು ಬರೂದಿಲ್ಲ. ಗುಂಡು ಚೀಲದಾಗ ಹಾಕಿ, ಬೆತ್ತದ ದುಂಡನ ಬಳೆಗೆ ಕಟ್ಟಿ ಡ್ರೈವರ್‌ಗೆ ಕೊಡ್ತಿದ್ರು. ಡ್ರೈವರ್ ಕೊಡೋದು ಮರತು ಮುಂದ ಹೋದ್ನೋ, ಹಿಂದಿನ ಲೈನು ಬಂದ್! ಒಂದೇ ಕಡಿ ಗಾಡಿ ಹೆಚ್ಚು ಹೋದ್ರ ಒಂದು ಯಂತ್ರ ಖಾಲಿ, ಇನ್ನೊಂದು ಭರ್ತಿ. ಆಗ ಸಿಗ್ನಲ್ ಖಾತೇದವರು ಬಂದು ಗುಂಡು ಹಂಚಿ ಹಾಕಬೇಕು.

ಚೀಟಿ ಬಂತು, ಐದು ನಿಮಿಷ ಅಂತ. 1908ರಾಗ ಕಂಪನಿ ಮದ್ರಾಸ್ ರೈಲ್ವೆ ಕೂಡ ವಿಲೀನ ಆದದ್ದು, ಉಗಿ ಇಂಜಿನ್ನಿನ ನೀರು ಬಿಟ್ಟುಬಿಡ್ತೀನಿ. ಬ್ರಾಡ್ ಗೇಜ್ ಆದಾಗ ಹಳಿ ಅಷ್ಟ ಅಲ್ಲ, ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕ ಹೊಳ್ಳೋ ಪಾಯಿಂಟು, ಕ್ರಾಸಿಂಗು ಎಲ್ಲಾ ಬದಲು. ಗಚ್ಚಿನ ಗ್ವಾಡಿ ಬಗ್ಗೆ ಒಂದೇ ಮಾತು: ಸಂದಿಗೆ ಸಿಮೆಂಟ್ ಮೆತ್ತಬ್ಯಾಡ್ರಿ. ಒಳಗಿನ ತೇವ ಸಂದಿಯಿಂದ ಹೊರಬೀಳೂದಿಲ್ಲ, ಕಲ್ಲಿನ ಮಾರಿ ಪದರ ಪದರ ಬೀಳ್ತದ. ಸುಣ್ಣದ ಗಚ್ಚ ತುಂಬ್ರಿ.

ಹುಬ್ಬಳ್ಳ್ಯಾಗ 2020ರಿಂದ ರೈಲ್ವೆ ಮ್ಯೂಸಿಯಂ ಅದ. ಈ ಲೈನಿನ ಯಾವ ಸ್ಟೇಷನ್ನಾಗರ ಹಳೇ ಲಿವರ್ ಸಿಕ್ಕರ ಗುಜರಿಗೆ ಹಾಕೋ ಮೊದ್ಲ ನಂಬರ್ ಬರೀರಿ, ಅಡ್ಜಸ್ಟರ್ ಸಹಿತ ಫೋಟೋ ತಗೀರಿ. ಲಿವರ್ ಒಂದ ಇಟ್ಟರ ಅದು ಬರೇ ಕಬ್ಬಿಣದ ಕೋಲು.