ಮಳೆ ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆಯವರಿಗೆ ಪತ್ತನಾಜೆ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ತುಳುವರ ಬೇಶ ತಿಂಗಳ 10ನೇ ದಿನ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಮೇ 24 ಅಥವಾ 25. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಇನ್ನೇನಿದ್ದರೂ ಮಳೆ, ಗದ್ದೆ, ನೇಜಿ.

ಈಗ ಪಂಚಾಂಗದಲ್ಲಿ ಅದೇ ದಿನದ ಪುಟ ತೆಗೆಯಿರಿ. ಸೂರ್ಯ ರೋಹಿಣಿ ನಕ್ಷತ್ರಕ್ಕೆ ಕಾಲಿಡುವುದೂ ಹೆಚ್ಚುಕಡಿಮೆ ಅಂದೇ. ಲೆಕ್ಕ ಸುಲಭ. ಬೇಶ ಅಂದರೆ ಸೂರ್ಯ ವೃಷಭ ರಾಶಿಯಲ್ಲಿರುವ ತಿಂಗಳು. ಆ ರಾಶಿಯ 10ನೇ ಡಿಗ್ರಿಯಿಂದ ರೋಹಿಣಿಯ ಪಾಲು ಶುರು. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಹತ್ತು ದಿನಕ್ಕೆ ಹತ್ತು ಡಿಗ್ರಿ. ಇದು ಸುಮ್ನೆ ಕೂಡಿಬಂದದ್ದು ಅಂತ ನನಗಂತೂ ಅನ್ನಿಸುವುದಿಲ್ಲ.

ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಅಂತ ನಾವು ಹೇಳುತ್ತೇವಲ್ಲ, ಅದರ ಅರ್ಥ ಇಷ್ಟೇ: ಆ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ಪಾಲಿನಲ್ಲಿದ್ದಾನೆ. 27 ನಕ್ಷತ್ರಕ್ಕೆ ಒಂದು ವರ್ಷ ಹಂಚಿದರೆ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ನಮ್ಮ ಪಕ್ಕದ ಮನೆಯ ಮಲಯಾಳಿ ಕೃಷಿಕರು ಇದನ್ನೇ ಞಾಟ್ಟುವೇಲ ಅನ್ನುತ್ತಾರೆ. ಅವರ ತಿರುವಾದಿರ ಞಾಟ್ಟುವೇಲ ನಮ್ಮ ಆರಿದ್ರಾ. ಜೂನ್ 21–22ಕ್ಕೆ ಶುರು. ಕಾಳುಮೆಣಸಿನ ಬಳ್ಳಿ ನೆಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪೋರ್ಚುಗೀಸರು ಮೆಣಸಿನ ಬಳ್ಳಿ ಒಯ್ಯಲು ಹೊರಟಾಗ, ‘ಬಳ್ಳಿ ಒಯ್ದರೆ ಒಯ್ಯಲಿ, ತಿರುವಾದಿರ ಞಾಟ್ಟುವೇಲ ಒಯ್ಯಲಾಗದಲ್ಲ’ ಅಂತ ಕೋಝಿಕ್ಕೋಡಿನ ರಾಜ ಸಾಮೂದಿರಿ ನಕ್ಕನೆಂದು ಒಂದು ಕಥೆ ಇದೆ. ಕಥೆ ಹೌದು, ಆದರೆ ಒಳಗಿನ ಮಾತು ಖರೆ. ಘಟ್ಟದ ಮೇಲಿನವರು ಇನ್ನೂ ಖಾರವಾಗಿ ಹೇಳುತ್ತಾರೆ: ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ.

ಇಲ್ಲೊಂದು ತಮಾಷೆ ಇದೆ. ಸೂರ್ಯ ರೋಹಿಣಿಯ ಹತ್ತಿರ ಇರುವಾಗ ರೋಹಿಣಿ ಕಾಣುವುದಿಲ್ಲ. ಹಗಲಲ್ಲಿ ಸೂರ್ಯನ ಜೊತೆಯೇ ಹುಟ್ಟಿ ಅವನ ಜೊತೆಯೇ ಮುಳುಗುತ್ತದೆ. ಅಂದರೆ ಯಾವ ನಕ್ಷತ್ರದ ಹೆಸರಲ್ಲಿ ಮಳೆ ಬರುತ್ತದೋ, ಆಕಾಶದಲ್ಲಿ ಆಗ ಇಲ್ಲದ್ದು ಅದೇ. ಹಾಗಾದರೆ ಹಿಂದಿನವರಿಗೆ ಗೊತ್ತಾದದ್ದು ಹೇಗೆ? ಮರೆಯಾದದ್ದನ್ನು ನೋಡಿ. ನಿನ್ನೆ ಸಂಜೆ ಪಡುವಣದಲ್ಲಿ ಇತ್ತು, ಇಂದು ಇಲ್ಲ. ಕೆಲವು ವಾರ ಕಳೆದ ಮೇಲೆ ಬೆಳಗಿನ ಜಾವ ಮೂಡಣದಲ್ಲಿ ಮತ್ತೆ ಬಂತು. ಈ ಎರಡು ದಿನ ಗೊತ್ತಿದ್ದರೆ ನಡುವಿನ ಲೆಕ್ಕ ತಾನಾಗಿ ಸಿಗುತ್ತದೆ.

ಇದು ನಮ್ಮವರ ಜಾಣತನ ಮಾತ್ರ ಅಂತ ಹೆಮ್ಮೆ ಪಡಬೇಕಾಗಿಲ್ಲ. ಸುಮಾರು 2700 ವರ್ಷ ಹಿಂದೆ ಗ್ರೀಸಿನ ಕವಿ ಹೆಸಿಯಡ್ ತನ್ನ ಸೋದರನಿಗೆ ಬೇಸಾಯದ ಬುದ್ಧಿ ಹೇಳುತ್ತಾ, ಕೃತ್ತಿಕೆಯ ನಕ್ಷತ್ರಗಳು 40 ಹಗಲು 40 ಇರುಳು ಮರೆಯಾಗಿರುತ್ತವೆ, ಅವು ಮತ್ತೆ ಮೂಡಿದಾಗ ಕುಡುಗೋಲು ಮಸೆ ಅಂದ. ಪ್ರಾಚೀನ ಈಜಿಪ್ಟಿನವರಿಗೆ ಲುಬ್ಧಕ, ಅಂದರೆ ಸಿರಿಯಸ್, ಸುಮಾರು 70 ದಿನ ಕಾಣುತ್ತಿರಲಿಲ್ಲ. ಅದು ಬೆಳಗಿನ ಜಾವ ಮತ್ತೆ ಕಂಡಿತೆಂದರೆ ನೈಲ್ ನದಿಗೆ ನೆರೆ ಬರುವ ಹೊತ್ತು. ನ್ಯೂಜಿಲೆಂಡಿನ ಮಾವೊರಿ ಜನರಿಗೆ ಕೃತ್ತಿಕೆ ಮರಳಿ ಬಂದರೆ ಹೊಸ ವರ್ಷ. 2022ರಿಂದ ಅಲ್ಲಿ ಅದಕ್ಕೆ ಸರಕಾರಿ ರಜೆ ಕೂಡ ಇದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪೆರು, ಬೊಲಿವಿಯಾದ ಬೆಟ್ಟದ ರೈತರ ಕ್ರಮ. ಜೂನ್ ಕೊನೆಯಲ್ಲಿ ನಸುಕಿಗೆ ಎದ್ದು ಕೃತ್ತಿಕೆಯನ್ನು ನೋಡುತ್ತಾರೆ. ನಕ್ಷತ್ರಗಳು ಫಳಫಳ ಹೊಳೆದರೆ ಮಳೆ ಚೆನ್ನಾಗಿ. ಮಂಕಾಗಿದ್ದರೆ ಮಳೆ ತಡ, ಹಾಗಾಗಿ ಆಲೂಗಡ್ಡೆ ನೆಡುವುದನ್ನೂ ಮುಂದೆ ಹಾಕುತ್ತಾರೆ. ಮೂಢನಂಬಿಕೆ ಅನ್ನಿಸುತ್ತದೆ, ಅಲ್ವಾ? ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ಅಲ್ಲಿ ತುಂಬಾ ಎತ್ತರದಲ್ಲಿ ತೆಳು ಮೋಡ ಜಾಸ್ತಿ. ಕಣ್ಣಿಗೆ ಮೋಡ ಅಂತ ಗೊತ್ತೇ ಆಗುವುದಿಲ್ಲ, ನಕ್ಷತ್ರ ಮಾತ್ರ ಮಂಕು. ಅದೇ ವರ್ಷಗಳಲ್ಲಿ ಮಳೆಯೂ ಕಡಿಮೆ. ರೈತರು ಹೇಳಿದ್ದು ಸರಿಯೇ ಇತ್ತು.

ನಮ್ಮಲ್ಲಿ ಆ ಭಾಗ್ಯವಿಲ್ಲ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡು ಇದು. ಆಟಿ ತಿಂಗಳಲ್ಲಿ ನಕ್ಷತ್ರ ಹಾಗಿರಲಿ, ಎದುರಿನ ಗುಡ್ಡವೇ ಕಾಣುವುದಿಲ್ಲ. ರೋಹಿಣಿ ಮರಳಿ ಮೂಡುವಾಗ ನಾವು ಮೋಡದ ಅಡಿಯಲ್ಲಿ. ಹಾಗಾಗಿ ಇಲ್ಲಿನವರಿಗೆ ನೋಡುವುದಷ್ಟೇ ಸಾಲದು, ಎಣಿಸಲೂ ಬರಬೇಕು. ಮಲಯಾಳ ನಾಡಿನ ಗಣಿತಜ್ಞರು ಈ ಲೆಕ್ಕದಲ್ಲಿ ಅಷ್ಟು ಪಳಗಿದ್ದಕ್ಕೆ ಈ ಮಳೆಗಾಲವೂ ಒಂದು ಕಾರಣ ಇರಬೇಕು ಅಂತ ನನ್ನ ಊಹೆ. ಹಳೆಯ ಲೆಕ್ಕ ಆಕಾಶಕ್ಕೆ ಹೊಂದುವುದಿಲ್ಲ ಅಂತ ಕಂಡಾಗ ಪರಮೇಶ್ವರನೆಂಬ ಪಂಡಿತ ದಶಕಗಳ ಕಾಲ ಗ್ರಹಣಗಳನ್ನು ಗಮನಿಸಿ, 1431ರಲ್ಲಿ ದೃಗ್ಗಣಿತ ಎಂಬ ತಿದ್ದಿದ ಪದ್ಧತಿ ಕೊಟ್ಟ.

ತಿದ್ದಬೇಕಾದದ್ದು ಇನ್ನೊಂದೂ ಇದೆ. ಭೂಮಿಯ ಅಕ್ಷ ಬಹಳ ನಿಧಾನವಾಗಿ ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕದಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಹಗಲಿರುಳು ಸಮನಾಗುವುದು ಮಾರ್ಚ್ 20–21ಕ್ಕೆ. ಹಿಂದೊಮ್ಮೆ ನಮ್ಮ ಸೌರ ಹೊಸ ವರ್ಷ ಬಿಸುವೂ ಅದೇ ಹೊತ್ತಿಗೆ ಇತ್ತು. ಈಗ ಏಪ್ರಿಲ್ 14–15ಕ್ಕೆ ಕಣಿ ಇಡುತ್ತೇವೆ. 1500 ವರ್ಷ ಹಿಂದೆ ಸೂರ್ಯ ರೋಹಿಣಿಗೆ ಬರುತ್ತಿದ್ದದ್ದು ಮಳೆಗಾಲಕ್ಕೆ ಇನ್ನೂ ತಿಂಗಳಿರುವಾಗಲೇ. ಇಂದಿನ ಮಳೆಗಾಲಕ್ಕೆ ಸರಿಹೊಂದುವ ಗಾದೆಗಳೆಲ್ಲ ಅನಾದಿ ಕಾಲದವು ಅನ್ನುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಬಿಸುವಿನ ಮರುವಾರ ಮೋಡವಿಲ್ಲದ ಸಂಜೆ ಏಳೂವರೆಗೆ ಅಂಗಳಕ್ಕೋ ಗುಡ್ಡದ ಬಯಲಿಗೋ ಬನ್ನಿ. ಸಮುದ್ರದ ದಿಕ್ಕಿಗೆ ಮುಖ ಮಾಡಿ. ಕೆಳಗೆ ಗುಂಪುಗುಂಪಾಗಿ ಮಿನುಗುವುದು ಕೃತ್ತಿಕೆ. ಅದರ ಮೇಲೆ ಕೆಂಪಗಿನ ರೋಹಿಣಿ. ಇನ್ನೂ ಮೇಲೆ ಮೃಗಶಿರ, ಅದರ ಪಕ್ಕ ಕೆಂಬಣ್ಣದ ಆರಿದ್ರಾ. ಮೇ ಮೊದಲ ವಾರದ ಸುಮಾರಿಗೆ ಕೃತ್ತಿಕೆ ಹೋಗುತ್ತದೆ, ತಿಂಗಳ ನಡುವೆ ರೋಹಿಣಿ, ಆಮೇಲೆ ಉಳಿದೆರಡು. ಮಳೆಗಳ ಸಾಲೂ ಅದೇ. ಮಕ್ಕಳಿದ್ದರೆ ಯಾವುದು ಯಾವ ದಿನ ಕೊನೆಗೆ ಕಂಡಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. ನಮಸ್ಕಾರ.